‘ಡೀಎಲ್’ ಎಂಬ ವಿರಳ ಕುಲನಾಮ

ಸ್ಕಾಟ್ಲೆಂಡಿನ ಈ ವಿರಳ ಕುಲನಾಮವನ್ನು ಕಾಗದದ ಮೇಲೆ ಕಂಡವರು ‘ಡಾಲ್‌ಝೀಲ್’ ಎಂದು ಓದುವುದು ಸಹಜ. ಆ ನಾಡಿನವರಾದರೋ ‘ಡೀಎಲ್’ ಎನ್ನುತ್ತಾರೆ. ಬರಹದಲ್ಲಿರುವ ಝಕಾರ ನಾಲಗೆಯಲ್ಲಿಲ್ಲ. ಈ ವೈಷಮ್ಯದ ಕಾರಣವನ್ನು ಅರಸಿದರೆ ಹೆಸರಿನ ಅರ್ಥವೂ ದೊರೆಯುತ್ತದೆ.

ಮನೆತನದ ಐತಿಹ್ಯ ಬೇರೆಯೇ ಇದೆ. ಹತ್ತನೆಯ ಶತಮಾನದ ದೊರೆ ಎರಡನೆಯ ಕೆನೆತ್‌ನ ಬಂಧುವೊಬ್ಬನನ್ನು ಶತ್ರುಗಳು ಗಲ್ಲಿಗೇರಿಸಿದರಂತೆ. ಶವವನ್ನು ತರುವ ಎದೆಗಾರಿಕೆ ಯಾರಿಗುಂಟೆಂದು ದೊರೆ ಕೇಳಲು, ವೀರನೊಬ್ಬನು ‘ನಾನು ಧೈರ್ಯಮಾಡುವೆನು’ ಎಂದನಂತೆ. ಆ ಮಾತೇ ಹೆಸರಾಯಿತಂತೆ. ಮನೆತನದ ಲಾಂಛನದಲ್ಲಿ ನಗ್ನಪುರುಷನ ಆಕೃತಿಯೂ ಅದೇ ಮಾತಿನ ಧ್ಯೇಯವಾಕ್ಯವೂ ಇವೆ. ಕಥೆ ಸೊಗಸಾಗಿದೆ, ನಂಬಲರ್ಹವಲ್ಲ. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡನಿಗೆ ನಿಷ್ಠೆ ಸಲ್ಲಿಸಿದವರ ಪಟ್ಟಿಯಲ್ಲಿ ಈ ವಂಶದವನ ಹೆಸರು ‘ಡಾಲಿಎಲ್‌ನ ಥಾಮಸ್’ ಎಂಬ ಅರ್ಥದಲ್ಲಿದೆ. ವೀರನ ಉದ್ಗಾರದಿಂದ ಬಂದ ಹೆಸರಿಗೆ ಊರಿನ ವಿಭಕ್ತಿ ಹತ್ತುವುದೆಂತು? ಮೂಲದಲ್ಲಿ ಇದು ಲಾನಾರ್ಕ್ ಸೀಮೆಯ ಮದರ್‌ವೆಲ್ ಬಳಿಯ ಸ್ಥಳನಾಮ.

ಗೇಲಿಕ್ ನುಡಿಯಲ್ಲಿ ‘ದಾಲ್’ ಎಂದರೆ ಹೊಳೆದಂಡೆಯ ಬಯಲು. ‘ಗ್ಯಲ್’ ಎಂದರೆ ಬಿಳಿದು, ಬೆಳಗುವುದು. ‘ಮಳೆಗಾಲ’ದಲ್ಲಿ ಕಕಾರ ಗಕಾರವಾಗುವಂತೆ, ಅಲ್ಲಿಯ ಸಮಾಸದಲ್ಲಿ ಗಕಾರ ಯಕಾರವಾಗಿ ಸಡಿಲುತ್ತದೆ. ಹೀಗೆ ‘ಬೆಳ್ಬಯಲು’ ಎಂಬುದೇ ಬಹುಜನರು ಒಪ್ಪುವ ಅರ್ಥ. ಆ ಯಕಾರವನ್ನು ಬರೆಯಲು ಸ್ಕಾಟರಲ್ಲಿ ‘ಯೋಖ್’ ಎಂಬ, 3ರ ಅಂಕಿಯನ್ನು ಹೋಲುವ, ಅಕ್ಷರವಿತ್ತು. ಲಿಪಿಕಾರರ ಕೈಯಲ್ಲಿ ಅದು ‘ಝೆಡ್’ನಂತೆಯೇ ಕಾಣತೊಡಗಿತ್ತು. 1508ರಲ್ಲಿ ಎಡಿನ್‌ಬರೋದಲ್ಲಿ ಮುದ್ರಣ ಮೊದಲಾಯಿತು. ಯೋಖ್‌ನ ಅಚ್ಚುಮೊಳೆಯಿಲ್ಲದ ಮುದ್ರಕರು ಝೆಡ್ಡನ್ನೇ ಜೋಡಿಸಿದರು. ಬಿನ್ಸ್ ಶಾಖೆಯವರು ಮಾತ್ರ ಅದನ್ನು ಬಿಟ್ಟು ‘ವೈ’ ಬರೆದರು. 1681ರಲ್ಲಿ ‘ಸ್ಕಾಟ್ಸ್ ಗ್ರೇಸ್’ ದಳವನ್ನು ಕಟ್ಟಿದ ಜನರಲ್ ಥಾಮಸ್ (1615–1685) ಈ ಶಾಖೆಯವನು.

ಮೈಸೂರು ಸೀಮೆಯ ಮೋಜಣಿ ನಡೆಸಿ ಶಾಸನ, ಕೈಫಿಯತ್ತುಗಳನ್ನು ಕೂಡಿಸಿದ ಕಾಲಿನ್ ಮೆಕೆಂಝಿಯ (1754–1821) ಹೆಸರಿನಲ್ಲಿರುವುದೂ ಇದೇ ಹುಸಿ ಝಕಾರ. ‘ಕೆನೆತ್‌ನ ಮಗ’ ಎಂಬರ್ಥದ ಆ ಗೇಲಿಕ್ ಹೆಸರಿನಲ್ಲಿ ಝಕಾರಕ್ಕೆ ಎಡೆಯೇ ಇಲ್ಲ. ಆದರೆ ಅಲ್ಲಿ ಅಚ್ಚುಮೊಳೆ ಗೆದ್ದಿತು. ಇಂದು ಸ್ಕಾಟರೂ ‘ಮೆಕೆಂಝಿ’ ಎಂದೇ ಉಚ್ಚರಿಸುತ್ತಾರೆ. ಡೀಎಲ್ ಮನೆತನದಲ್ಲಿ ನಾಲಗೆ ಸೋಲಲಿಲ್ಲ.

ಅಕ್ಷರವನ್ನು ಕಳೆದುಕೊಂಡ ಅನುಭವ ಕನ್ನಡಕ್ಕೂ ಉಂಟು. ಇಲ್ಲಿ ಮೊದಲು ಧ್ವನಿ ಅಳಿಯಿತು, ‘ಬಾೞೆ’ ‘ಬಾಳೆ’ಯಾಯಿತು, ಅನಂತರ ೞಕಾರವೂ ಬಳಕೆ ತಪ್ಪಿತು. ತಮಿಳು, ಮಲೆಯಾಳಗಳಲ್ಲಿ ಆ ಧ್ವನಿ ಇನ್ನೂ ಜೀವಂತವಾಗಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಝೆಡ್-ಎಚ್’ ಬರೆಯುವುದನ್ನು ಕಂಡು ಕನ್ನಡ ಪತ್ರಿಕೆಗಳು ‘ಕೋಝಿಕೋಡು’ ಎಂದು ಅಚ್ಚುಮಾಡುತ್ತವೆ. ಆ ಊರಿನವರ ಬಾಯಲ್ಲಿ ಝಕಾರ ಎಂದೂ ಇದ್ದುದಲ್ಲ.