ಕುಸಿಯುವ ಪೆಡಲಿನ ಪರೀಕ್ಷಾವಿದ್ಯೆ

ಕಲಬುರಗಿಯ ವಾಯವ್ಯಕ್ಕಿರುವ ಆಳಂದ, ಪಶ್ಚಿಮಕ್ಕಿರುವ ಅಫಜಲಪುರ, ದಕ್ಷಿಣಕ್ಕಿರುವ ಜೇವರ್ಗಿ, ಈ ಮೂರು ತಾಲ್ಲೂಕುಗಳೂ ಎರೆಭೂಮಿಯ ವಿಶಾಲವಾದ ಬಯಲಿನಲ್ಲಿ ಹರಡಿಕೊಂಡಿವೆ. ತೊಗರಿಯ ಹೊಲಗಳ ನಡುವೆ ಸಾಗುವ ಇಲ್ಲಿಯ ದಾರಿಗಳಲ್ಲಿ ಘಟ್ಟಸೀಮೆಯ ಇಳುಕಲುಗಳಿಲ್ಲದ ಕಾರಣ ವಾಹನದ ಬ್ರೇಕಿಗೆ ನಿತ್ಯವೂ ಕಠಿನ ಪರೀಕ್ಷೆ ಒದಗುವುದಿಲ್ಲ. ಆದುದರಿಂದಲೇ ಅದರ ದೋಷವು ಬಹುಕಾಲ ಅಜ್ಞಾತವಾಗಿ ಉಳಿದು, ಗಾಣಗಾಪುರದ ದತ್ತಸನ್ನಿಧಿಗೋ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೋ ಜನ ನೆರೆದ ದಿವಸ, ಇಲ್ಲವೇ ಕುರಿಹಿಂಡು ದಾರಿಗೆ ಅಡ್ಡಬಂದ ಕ್ಷಣದಲ್ಲಿ, ಒಮ್ಮೆಗೇ ಪ್ರಕಟವಾಗುವ ಸಂಭವವುಂಟು.

ವಿದ್ಯುತ್ ಕಾರಿನಲ್ಲಿ ಈ ಮರೆಗೆ ಮತ್ತೊಂದು ಮರೆ ಸೇರಿಕೊಂಡಿದೆ. 2001ರಲ್ಲಿ ಬೆಂಗಳೂರಿನ ರೇವಾ ಕಾರು ಮಾರುಕಟ್ಟೆಗೆ ಬಂದಂದಿನಿಂದಲೂ, 2017ರಲ್ಲಿ ಕರ್ನಾಟಕವು ದೇಶದ ರಾಜ್ಯಗಳಲ್ಲಿ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ತರುವಾಯವೂ, ನಾವು ಈ ವಾಹನದ ಬ್ಯಾಟರಿಯನ್ನು ಕುರಿತು ಆಡಿದಷ್ಟು ಮಾತನ್ನು ಬ್ರೇಕನ್ನು ಕುರಿತು ಆಡಲಿಲ್ಲ. ಚಾಲಕನು ವೇಗವರ್ಧಕದಿಂದ ಕಾಲನ್ನೆತ್ತಿದೊಡನೆ ಮೋಟಾರು ತಾನೇ ವಿದ್ಯುಜ್ಜನಕವಾಗಿ, ಚಕ್ರಗಳ ಚಲನಶಕ್ತಿಯನ್ನು ಹೀರಿ ಬ್ಯಾಟರಿಗೆ ಮರಳಿಸುತ್ತದೆ, ಗಾಡಿ ನಿಧಾನವಾಗುತ್ತದೆ, ಪೆಡಲನ್ನು ಬಲವಾಗಿ ಒತ್ತುವ ಪ್ರಸಂಗವೇ ವಿರಳವಾಗುತ್ತದೆ. ಹೀಗೆ ಬಯಲೂ ಯಂತ್ರವೂ ಕೂಡಿ ದೋಷವನ್ನು ಬಚ್ಚಿಡುವುದರಿಂದ, ನಿಂತ ಗಾಡಿಯಲ್ಲಿಯೇ ಪೆಡಲಿನಿಂದ ಸತ್ಯವನ್ನು ಹೊರಡಿಸುವ ಮಿಸ್ತ್ರಿಯ ವಿದ್ಯೆಗೆ ಹಿಂದೆಂದೂ ಇಲ್ಲದ ಮಹತ್ತ್ವ ಬಂದಿದೆ.

ಆ ವಿದ್ಯೆಯ ಮೂಲತತ್ತ್ವ 17ನೇ ಶತಮಾನದ ಫ್ರೆಂಚ್ ವಿದ್ವಾಂಸ ಪ್ಯಾಸ್ಕಲನದು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ಆ ನಿಯಮದಂತೆ, ಕಾಲಿನ ಬಲವು ಮಾಸ್ಟರ್ ಸಿಲಿಂಡರಿನಲ್ಲಿ ಒತ್ತಡವಾಗಿ, ನಳಿಕೆಗಳ ಮೂಲಕ ನಾಲ್ಕು ಚಕ್ರಗಳನ್ನೂ ಮುಟ್ಟುತ್ತದೆ. ದ್ರವವು ಕುಗ್ಗದು, ಗಾಳಿ ಕುಗ್ಗುವುದು. ದ್ರವ ಸೋರಿದರೆ ಒತ್ತಡ ನಿಲ್ಲದು. ಈ ಎರಡು ವಾಕ್ಯಗಳಲ್ಲಿ ಪೆಡಲಿನ ವ್ಯಾಧಿಗಳ ಬಹುಭಾಗ ಅಡಗಿದೆ.

"ಬ್ರೇಕ್ ಮೆತ್ತಗಾಗ್ಯಾದ್ರಿ, ಕಾಲಿಟ್ರ ಕೆಳಗ ಹೋಗ್ತದ" ಎಂದು ಗಿರಾಕಿ ಹೇಳುವಾಗ ಎರಡು ಬೇರೆ ಬೇರೆ ಲಕ್ಷಣಗಳು ಒಂದೇ ಉಸಿರಿನಲ್ಲಿ ಬೆರೆತಿರುತ್ತವೆ. ಅವನ್ನು ಬೇರ್ಪಡಿಸುವುದೇ ಕುಶಲಿಯ ಮೊದಲ ಕರ್ತವ್ಯ. ಆತನು ಬ್ರೇಕ್ ಆಯಿಲಿನ ಡಬ್ಬಿಯ ಮಟ್ಟವನ್ನು ನೋಡಿ, ಚಕ್ರಗಳ ಒಳಮೈಯನ್ನೂ ನಳಿಕೆಯ ಸಂದುಗಳನ್ನೂ ತಡವಿ, ಅನಂತರ ಪೆಡಲನ್ನು ನಾಲ್ಕಾರು ಸಲ ಒತ್ತೊತ್ತಿ ಬಿಡುತ್ತಾನೆ. ಪ್ರತಿ ಒತ್ತಿಗೂ ಪೆಡಲು ಮೇಲೇರುತ್ತ, ಆದರೂ ಸ್ಪಂಜಿನಂತೆ ಬಳುಕುತ್ತಿದ್ದರೆ ಒಳಗೆ ಗಾಳಿ ಸೇರಿದೆಯೆಂದು ಊಹಿಸಬಹುದು. ಏರಿದ ಮೇಲೆ ಗಟ್ಟಿಯಾದರೆ ಪ್ಯಾಡು ಅಥವಾ ಲೈನರಿನ ಅಂತರ ಹೆಚ್ಚಿದೆಯೆಂದು ಶಂಕಿಸಬಹುದು. ಸಮನಾದ ಬಲದಿಂದ ಕಾಲನ್ನು ಅಲ್ಲಿಯೇ ಊರಿ ಹಿಡಿದಾಗ ಪೆಡಲು ಮೆಲ್ಲಮೆಲ್ಲನೆ ತಳಕ್ಕಿಳಿದರೆ ಅದು ಬೇರೆಯೇ ವ್ಯಾಧಿ: ದ್ರವವೆಲ್ಲಿಯೋ ಹೊರಸೋರುತ್ತಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ವಾಯ್ಸರು ಸವೆದು ಒತ್ತಡವು ಒಳಗೊಳಗೇ ಹಿಂದಕ್ಕೆ ಜಾರುತ್ತಿರಬೇಕು. ಹೊರಗೆ ಒಂದು ಹನಿಯೂ ಕಾಣದ ಈ ಎರಡನೆಯ ದೋಷದಲ್ಲಿ ಡಬ್ಬಿಯ ಮಟ್ಟವೂ ಇಳಿಯದಿರುವುದರಿಂದ, ಅನುಭವವಿಲ್ಲದವನು ವೃಥಾ ಪ್ಯಾಡುಗಳನ್ನು ಬದಲಿಸಿ ಗಾಡಿಯನ್ನು ಕಳುಹಿಸಿಬಿಡುತ್ತಾನೆ.

ಇಲ್ಲಿಯವರೆಗಿನ ವಿದ್ಯೆ ಪೆಟ್ರೋಲ್ ಗಾಡಿಯಿಂದ ಬಂದುದೇ. ಹೊಸತಿರುವುದು ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರಿನಲ್ಲಿ. ಪೆಟ್ರೋಲ್ ಎಂಜಿನ್ನಿನ ಹೀರುವಿಕೆಯಿಂದ ಬೂಸ್ಟರಿಗೆ ಒದಗುತ್ತಿದ್ದ ನಿರ್ವಾತವನ್ನು, ಎಂಜಿನ್ನೇ ಇಲ್ಲದ ಕಾರಿನಲ್ಲಿ ವಿದ್ಯುತ್ ಪಂಪು ಒದಗಿಸಬೇಕು. ಕೆಲವು ಕಾರುಗಳಲ್ಲಿ ಪಂಪಿಗೆ ಬದಲಾಗಿ ಬೇರೊಂದು ಚಿಕ್ಕ ಮೋಟಾರೇ ಮಾಸ್ಟರ್ ಸಿಲಿಂಡರಿನ ದಂಡವನ್ನು ತಳ್ಳುತ್ತದೆ. ಇವುಗಳ ಸಹಾಯ ತಪ್ಪಿದರೆ ಪೆಡಲು ಗಟ್ಟಿಯಾಗುವುದೇ ಹೊರತು ಮೆತ್ತಗಾಗದು. ನಿರ್ವಾತ ಬೂಸ್ಟರುಳ್ಳ ಕಾರನ್ನು ಬಂದ್ ಮಾಡಿ, ಪೆಡಲನ್ನು ಹಲವು ಸಲ ಒತ್ತಿ, ಒತ್ತಿ ಹಿಡಿದಂತೆಯೇ ಚಾಲೂ ಮಾಡಿದಾಗ ಅದು ಕಿಂಚಿತ್ ಕೆಳಗಿಳಿಯುವುದು ಆರೋಗ್ಯದ ಚಿಹ್ನೆ. ಬ್ಯಾಟರಿ ಪೂರ್ಣವಾಗಿ ತುಂಬಿದಾಗ ಮೋಟಾರಿನ ತಡೆ ತಗ್ಗಿ, ಗಾಡಿ ಮುಂದಕ್ಕೆ ಹರಿದಂತೆ ತೋರುವುದೂ ದೋಷವಲ್ಲ. ಪೆಡಲಿಗೂ ಚಕ್ರಕ್ಕೂ ನೇರ ಸಂಬಂಧವಿರದೆ, ಕಾಲಿಗೆ ತಗಲುವ ಬಿಗಿಯನ್ನೇ ಕೃತಕವಾಗಿ ಸೃಷ್ಟಿಸುವ ಕಾರುಗಳೂ ಇವೆ. ಅಲ್ಲಿ ಕಾಲಿನ ಸಾಕ್ಷ್ಯವೊಂದೇ ಸಾಲದು, ಸ್ಕ್ಯಾನರನ್ನು ಜೋಡಿಸಿ ಗಣಕವು ದಾಖಲಿಸಿದ ಸಂಕೇತಗಳನ್ನೂ ಓದಬೇಕು.

ಆಯಿಲಿನ ವಿಷಯದಲ್ಲಂತೂ ಅಲಕ್ಷ್ಯ ಸಲ್ಲದು. ಬ್ರೇಕ್ ಕಡಮೆ ಬಳಕೆಯಾದರೂ, ದ್ರವವು ವಾಯುವಿನ ತೇವವನ್ನು ಹೀರುವುದನ್ನು ನಿಲ್ಲಿಸದು. ಹೊಸ ಡಾಟ್ 4 ದ್ರವದ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದರೆ, ಶೇಕಡಾ 3.7ರಷ್ಟು ನೀರು ಬೆರೆತ ದ್ರವಕ್ಕೆ ಆ ಮಿತಿ 155 ಮಾತ್ರ. ಕುದಿದ ದ್ರವ ಆವಿಯಾಗುವುದು. ಆವಿಯು ಗಾಳಿಯಂತೆಯೇ ಕುಗ್ಗಿ ಪೆಡಲನ್ನು ಹುಸಿಯಾಗಿಸುವುದು. ಆದುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ, ತಯಾರಕರು ಬೇರೆ ಅವಧಿಯನ್ನು ವಿಧಿಸಿದ್ದರೆ ಆ ಪ್ರಕಾರ, ಆಯಿಲ್ ಬದಲಿಸುವುದು ಯುಕ್ತ. ಗಾಳಿ ತೆಗೆಯುವಾಗ ಹಳೆಯ ಗಾಡಿಯ ಪೆಡಲನ್ನು ತಳಮುಟ್ಟ ತುಳಿಯದಂತೆ ಕೆಳಗೊಂದು ಮರದ ತುಂಡನ್ನಿಡುವ ವಾಡಿಕೆಯುಂಟು. ಸಿಲಿಂಡರಿನೊಳಗೆ ಎಂದೂ ಸವೆಯದೆ ಕಿಲುಬು ಹಿಡಿದ ಭಾಗಕ್ಕೆ ವಾಯ್ಸರು ತಾಗಿ ಹರಿಯಬಾರದೆಂಬುದೇ ಅದರ ತಾತ್ಪರ್ಯ. ಎಬಿಎಸ್ ಘಟಕದೊಳಗೆ ಸಿಕ್ಕಿದ ಗಾಳಿಯನ್ನು ಹೊರತರಲು ಅನೇಕ ಕಾರುಗಳಲ್ಲಿ ಸ್ಕ್ಯಾನರಿನ ನೆರವೇ ಬೇಕು. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಂತಕವಾದ ವಿದ್ಯುತ್ತು ಹರಿಯುವುದರಿಂದ ತರಬೇತಿಯಿಲ್ಲದವರು ಅವನ್ನು ಮುಟ್ಟಲೇಬಾರದು.

ಪೆಡಲು ತಳಕ್ಕಿಳಿಯುವ ಕಾರನ್ನು ಜಿಲ್ಲಾಕೇಂದ್ರದವರೆಗೆ ಮೆಲ್ಲಗೆ ಓಡಿಸಿಕೊಂಡು ಹೋಗಬಹುದೆಂಬ ಧೈರ್ಯ ಅನರ್ಥಕಾರಿ; ಅದನ್ನು ಮತ್ತೊಂದು ವಾಹನದ ಮೇಲೇರಿಸಿಯೇ ಸಾಗಿಸಬೇಕು. ಆದರೆ ದೋಷವನ್ನು ಮೊದಲು ಗುರುತಿಸಬಲ್ಲವನು ಊರಿನ ಮಿಸ್ತ್ರಿಯೇ. ಒತ್ತಡದ ವಿಚಾರಕ್ರಮ ಆತನಿಗೆ ಆಗಲೇ ಕರಗತವಾಗಿದೆ. ಆತನಿಗೆ ಕೊರತೆಯಾಗಿರುವುದು ಸ್ಕ್ಯಾನರು, ತಯಾರಕರ ಕೈಪಿಡಿ ಮತ್ತು ವಿದ್ಯುತ್ ಸುರಕ್ಷತೆಯ ಶಿಕ್ಷಣ. ಕೈಗಾರಿಕಾ ತರಬೇತಿಯ ಪಾಠಕ್ರಮವು ಇವನ್ನು ಕನ್ನಡದಲ್ಲಿಯೇ, ದುಡಿಯುವವರ ಬಿಡುವಿನ ವೇಳೆಯಲ್ಲಿ ಕಲಿಸಿಕೊಡುವಂತಾದರೆ, ಈ ಮೂರು ತಾಲ್ಲೂಕುಗಳಲ್ಲಿ ವಿದ್ಯುತ್ ಕಾರನ್ನು ಕೊಂಡವನು ಅದರ ವೇಗವನ್ನು ನಂಬುವಷ್ಟೇ ನಿಶ್ಚಿಂತೆಯಿಂದ ಅದರ ಬ್ರೇಕನ್ನೂ ನಂಬಬಹುದು.