ಹಿಡಿದು ಬಿಟ್ಟ ಮೀನು ಬದುಕುತ್ತದೆಯೇ? ಕಾವೇರಿ ದಡದ ಗಾಳಗಾರರ ಪುಸ್ತಕ ಹೇಳುವ ಕತೆ

ಕಳೆದ ತಿಂಗಳು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಭಾಲ್ಕಿಯ ಕಾಕಾ ಒಂದು ವಿಡಿಯೋ ಕಳಿಸಿದರು. ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ನದಿಯಿಂದ ಒಂದು ದೊಡ್ಡ ಮೀನನ್ನು ಎಳೆಯುತ್ತಾನೆ, ಎದೆಗೆ ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾನೆ, ಹಣೆಗೆ ಮುತ್ತು ಕೊಟ್ಟು ಮತ್ತೆ ನೀರಿಗೆ ಬಿಡುತ್ತಾನೆ. ಕೆಳಗೆ ಬರಹ: "ಮೀನಿಗೆ ನೋವಾಗುವುದಿಲ್ಲ, ಮೂರು ಸೆಕೆಂಡಿನಲ್ಲಿ ಎಲ್ಲವನ್ನೂ ಮರೆತುಬಿಡುತ್ತದೆ. ಇದೇ ನಿಜವಾದ ದಯೆ. ಎಲ್ಲರಿಗೂ ಶೇರ್ ಮಾಡಿ."

ಹತ್ತು ನಿಮಿಷದಲ್ಲಿ ಔರಾದಿನ ಅಣ್ಣನಿಂದ ಇನ್ನೊಂದು ಫಾರ್ವರ್ಡ್ ಬಂತು: "ಇದೆಲ್ಲ ನಾಟಕ. ಹೀಗೆ ಬಿಟ್ಟ ಮೀನುಗಳೆಲ್ಲ ಮರುದಿನವೇ ಸಾಯುತ್ತವೆ."

ರಾತ್ರಿ ಕಾಕಾ ಫೋನ್ ಮಾಡಿದರು. "ಇದು ಖರೇ ಅದನೋ ಸುಳ್ಳದನೋ ನೋಡಿ ಹೇಳವಾ. ಹಿಡದು ಬಿಡೋದೇ ಆದ್ರ ಹಿಡೀಬೇಕ್ ಯಾಕ?"

ಕಾಕಾನ ಪ್ರಶ್ನೆ ನ್ಯಾಯವಾದದ್ದೇ. ಕಾರಂಜಾ ಜಲಾಶಯದ ದಡದಲ್ಲಿ ಗೋಧಿ ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಹಾಕಿ ಕೂರುವವರನ್ನು ನೀವೂ ನೋಡಿರಬಹುದು. ಸಿಕ್ಕ ಕಾಟ್ಲಾ, ರೋಹು ಸಂಜೆಗೆ ಸಾರಾಗುತ್ತದೆ. ಬಿಟ್ಟುಬಿಡುವುದಕ್ಕಾಗಿ ಹಿಡಿಯುವುದು ನಮ್ಮ ಕಡೆಯವರಿಗೆ ಹುಚ್ಚಾಟದಂತೆ ಕಾಣುವುದು ಸಹಜ. ಆದರೆ ಕರ್ನಾಟಕದಲ್ಲೇ ಈ ಹುಚ್ಚಾಟಕ್ಕೆ ದೊಡ್ಡ ಇತಿಹಾಸವಿದೆ. ಎರಡೂ ಫಾರ್ವರ್ಡ್‌ಗಳಿಗೆ ಉತ್ತರವೂ ಅಲ್ಲೇ ಇದೆ.

ಕಾವೇರಿಯ ಗಾಳಗಾರರು

ಮೊದಲು 'ಫ್ಲೈ ಫಿಶಿಂಗ್' ಎಂದರೇನು ಎಂದು ನೋಡೋಣ. ಹೆಸರಿನಲ್ಲಿ ನೊಣವಿದ್ದರೂ ಇಲ್ಲಿ ನಿಜವಾದ ನೊಣವಿಲ್ಲ. ಹಕ್ಕಿಯ ಗರಿ, ಕೂದಲು, ದಾರ ಸುತ್ತಿ ಕೊಕ್ಕೆಯ ಮೇಲೆ ಕಟ್ಟಿದ ಪುಟ್ಟ ನಕಲಿ ಕೀಟಕ್ಕೆ 'ಫ್ಲೈ' ಎನ್ನುತ್ತಾರೆ. ನಮ್ಮ ಮಾಮೂಲಿ ಗಾಳದಲ್ಲಿ ಎರೆ ಅಥವಾ ಸೀಸದ ಗುಂಡಿಗೆ ಭಾರವಿರುತ್ತದೆ, ಎಸೆದಾಗ ಅದೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ಭಾರವೇ ಇಲ್ಲ. ಹಾಗಾಗಿ ದಾರವನ್ನೇ ದಪ್ಪಗೆ, ಭಾರವಾಗಿ ಮಾಡಿರುತ್ತಾರೆ. ಅದನ್ನು ತಲೆಯ ಮೇಲೆ ಹಿಂದೆ ಮುಂದೆ ಚಾಟಿಯಂತೆ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸುತ್ತಾರೆ. ಕಲಿಯಲು ತಾಳ್ಮೆ ಬೇಕು. ಬಹುಶಃ ಅದಕ್ಕೇ ಇದನ್ನು ಇಷ್ಟಪಡುವವರು ಕ್ಲಬ್ ಕಟ್ಟಿಕೊಂಡು ಒಬ್ಬರಿಗೊಬ್ಬರು ಕಲಿಸುತ್ತಾರೆ.

ನಮ್ಮ ಕಾವೇರಿಯಲ್ಲಿ ಮಾತ್ರ ನಕಲಿ ನೊಣಕ್ಕಿಂತ ಹೆಚ್ಚು ಹೆಸರು ಮಾಡಿದ್ದು ರಾಗಿ! ಬೇಯಿಸಿದ ರಾಗಿ ಹಿಟ್ಟಿನ ಗಟ್ಟಿ ಉಂಡೆಯೇ ಅಲ್ಲಿನ ಮಹಶೀರ್ ಮೀನಿಗೆ ಒಳ್ಳೆಯ ಎರೆ. ದೇಶ ವಿದೇಶಗಳ ಗಾಳಗಾರರು ದುಬಾರಿ ಕೋಲು ಹಿಡಿದು ಬಂದು, ಕೊನೆಗೆ ಹಳ್ಳಿಯವರು ಕಟ್ಟಿಕೊಟ್ಟ ರಾಗಿ ಉಂಡೆಯನ್ನೇ ಸಿಕ್ಕಿಸಿಕೊಂಡು ಕೂರುತ್ತಿದ್ದರು.

ಮಹಶೀರ್ ಎಂದರೆ ದೊಡ್ಡ ಹುರುಪೆಯ, ಬಲಶಾಲಿ ನದಿಮೀನು. ಕಾವೇರಿ ಕಡೆ ಬಿಳಿಮೀನು ಎನ್ನುತ್ತಾರೆ. ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲಲ್ಲಿ ನಿಂತು ಚುರಮುರಿ ಹಾಕಿರುತ್ತೀರಲ್ಲ, ಅಲ್ಲಿ ಮುಗಿಬೀಳುವ ದೊಡ್ಡ ಮೀನುಗಳಲ್ಲಿ ಇದೇ ಕುಲದವು ಇವೆ. ಕಾವೇರಿ ಕಣಿವೆಯ ಮಹಶೀರ್ ಅದಕ್ಕಿಂತಲೂ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಒಬ್ಬ ಮನುಷ್ಯನ ತೂಕ!

ಆಮೇಲಿನ ದಶಕಗಳಲ್ಲಿ ಈ ಮೀನು ಮುಗಿದೇ ಹೋಯಿತು ಎಂದು ಹಲವರು ಅಂದುಕೊಂಡಿದ್ದರು. ನದಿಗೆ ಸಿಡಿಮದ್ದು ಎಸೆದು ಮೀನು ಹಿಡಿಯುವ ಚಾಳಿ ಅದಕ್ಕೆ ಒಂದು ಮುಖ್ಯ ಕಾರಣ. ಮದ್ದು ಸಿಡಿದರೆ ದೊಡ್ಡದು, ಮರಿ, ಮೊಟ್ಟೆ ಎಲ್ಲವೂ ಒಟ್ಟಿಗೆ ಸಾಯುತ್ತವೆ. 1972ರಲ್ಲಿ ಬೆಂಗಳೂರಿನಲ್ಲಿ 'ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ' ಎಂಬ ಸಂಘ ಹುಟ್ಟಿತು. ಗಾಳದ ಮೋಹವಿದ್ದ ಅದರ ಸದಸ್ಯರು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. ಕೊಡಗಿನ ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯೂ ಇಂಥದ್ದೇ ಕೆಲಸ ಮಾಡಿತು. ನಿಯಮ ಒಂದೇ: ಹಿಡಿ, ತೂಗು, ಬಿಡು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳಗಾರರ ಶಿಬಿರಗಳು ನಡೆದವು.

ಇಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಶಿಬಿರದ ಕೆಲಸದವರ ವಿಷಯ. ಗಾಳಗಾರರಿಗೆ ದಾರಿ ತೋರುವ, ಹರಿಗೋಲು ನಡೆಸುವ, ರಾತ್ರಿ ನದಿ ಕಾಯುವ ಕೆಲಸಕ್ಕೆ ಸೇರಿಕೊಂಡವರಲ್ಲಿ ಮೊದಲು ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದವರೂ ಇದ್ದರು. ಯಾವ ಮಡುವಿನಲ್ಲಿ ಯಾವ ಮೀನು ಕೂತಿರುತ್ತದೆ ಎಂದು ಅವರಷ್ಟು ಬಲ್ಲವರು ಬೇರೆ ಯಾರಿದ್ದರು? ಸತ್ತ ಮೀನಿಗಿಂತ ಬದುಕಿದ ಮೀನಿನಿಂದ ಸಂಬಳ ಬರತೊಡಗಿದಾಗ ಅವರೇ ಕಾವಲುಗಾರರಾದರು. "ಹಿಡಿದು ಬಿಡುವುದಾದರೆ ಹಿಡಿಯಬೇಕು ಯಾಕೆ" ಎಂಬ ಕಾಕಾನ ಪ್ರಶ್ನೆಗೆ ಇದು ಅರ್ಧ ಉತ್ತರ.

ಬಿಟ್ಟ ಮೀನಿನ ಗತಿ ಏನು?

ಈಗ ಫಾರ್ವರ್ಡ್‌ಗಳ ವಿಷಯಕ್ಕೆ ಬರೋಣ. ಬಿಟ್ಟ ಮೀನುಗಳೆಲ್ಲ ಸಾಯುತ್ತವೆ ಎಂಬುದು ಸುಳ್ಳು. 2005ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಬೇರೆ ಬೇರೆ ಜಾತಿಯ ಮೀನುಗಳ ಮೇಲಿನ 53 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಬಿಟ್ಟ ಮೇಲೆ ಸತ್ತವು ಸರಾಸರಿ ಶೇ. 18. ಅಂದರೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಬದುಕಿದವು. ಆದರೆ ಈ ಸರಾಸರಿಯ ಒಳಗೆ ಭಾರೀ ವ್ಯತ್ಯಾಸಗಳಿವೆ. ಕೊಕ್ಕೆ ತುಟಿಗೆ ಸಿಕ್ಕರೆ ಮೀನು ಸಾಮಾನ್ಯವಾಗಿ ಉಳಿಯುತ್ತದೆ, ಗಂಟಲಿಗೋ ಕಿವಿರಿಗೋ ಇಳಿದರೆ ಕಷ್ಟ.

ನಮ್ಮ ಕಾವೇರಿಯಲ್ಲೇ ನಡೆದ ಅಧ್ಯಯನವೂ ಇದೆ. 2016ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಶೇ. 91ಕ್ಕೆ ಕೊಕ್ಕೆ ತಗುಲಿದ್ದು ಬಾಯಿಗೆ. ಗಮನಿಸಿದಷ್ಟು ಹೊತ್ತು ಒಂದೂ ಸಾಯಲಿಲ್ಲ. ಆದರೆ ಹೆಚ್ಚು ಹೊತ್ತು ಎಳೆದಾಡಿಸಿದ ಮೀನುಗಳ ರಕ್ತದಲ್ಲಿ ಲ್ಯಾಕ್ಟೇಟ್ ಏರಿತ್ತು. ಹಲವು ಮೀನುಗಳು ಸ್ವಲ್ಪ ಹೊತ್ತು ಮಂಕಾಗಿದ್ದವು. ನಾವು ಜೋರಾಗಿ ಓಡಿ ಬಸ್ಸು ಹಿಡಿದಾಗ ಕಾಲು ಸೋತು ಹೋಗುತ್ತದಲ್ಲ, ಹಾಗೆ.

ಈಗ ವಿಡಿಯೋದ ಆ ಫೋಟೋ ಮತ್ತು ಮುತ್ತು ನೆನಪಿಸಿಕೊಳ್ಳಿ. ಓಡಿ ಸುಸ್ತಾದ ಮನುಷ್ಯನ ಮೂಗು ಬಾಯಿ ಮುಚ್ಚಿದರೆ ಹೇಗಿರುತ್ತದೆ? ಸುಸ್ತಾದ ಮೀನನ್ನು ನೀರಿನಿಂದ ಹೊರಗೆ ಹಿಡಿದರೆ ಆಗುವುದೂ ಅದೇ. ಗಾಳಿಯಲ್ಲಿ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಆಮ್ಲಜನಕ ಎಳೆದುಕೊಳ್ಳಲಾಗುವುದಿಲ್ಲ. ಕೆನಡಾದ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟ್ರೌಟ್ ಮೀನುಗಳನ್ನು ಸುಸ್ತಾಗುವವರೆಗೆ ಅಟ್ಟಾಡಿಸಿದರು. ಬರೀ ಸುಸ್ತಾದವುಗಳಲ್ಲಿ ಸತ್ತದ್ದು ಶೇ. 12. ಅದರ ಜೊತೆ 30 ಸೆಕೆಂಡ್ ನೀರಿನಿಂದ ಹೊರಗಿಟ್ಟವುಗಳಲ್ಲಿ ಶೇ. 38. ಒಂದು ನಿಮಿಷ ಹೊರಗಿಟ್ಟವುಗಳಲ್ಲಿ ಶೇ. 72! ಅವು ರಕ್ತ ಪರೀಕ್ಷೆಗೆ ನಳಿಕೆ ಚುಚ್ಚಿಸಿಕೊಂಡಿದ್ದ ಪ್ರಯೋಗಾಲಯದ ಮೀನುಗಳು, ಎಲ್ಲ ಜಾತಿಗೂ ಇದೇ ಲೆಕ್ಕ ಹಿಡಿಯುವಂತಿಲ್ಲ. ಆದರೂ ಒಂದು ಸೆಲ್ಫಿಯ ಬೆಲೆ ಎಷ್ಟಿರಬಹುದು ಎಂಬ ಅಂದಾಜು ಸಿಗುತ್ತದೆ.

ಒಣ ಕೈಯಲ್ಲಿ, ಟವೆಲ್ಲಿನಲ್ಲಿ ಹಿಡಿದರೂ ತೊಂದರೆ. ಮೀನಿನ ಮೈ ಮೇಲಿನ ಲೋಳೆ ಅದನ್ನು ಸೋಂಕಿನಿಂದ ಕಾಯುತ್ತದೆ, ಒಣ ಕೈ ಅದನ್ನು ಒರೆಸಿ ತೆಗೆಯುತ್ತದೆ. ನಮ್ಮ ಬೀದರ ಬೇಸಿಗೆಗೆ ಇನ್ನೊಂದು ಮಾತು ಸೇರಿಸಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಏಳೂವರೆಯಷ್ಟನ್ನೇ ಹಿಡಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಎಳೆದಾಡಿಸಿ ಬಿಟ್ಟ ಮೀನು ಚೇತರಿಸಿಕೊಳ್ಳುವುದು ಕಷ್ಟ. ಅದಕ್ಕೇ ಒಳ್ಳೆಯ ಕ್ಲಬ್‌ಗಳು ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಿನಲ್ಲಿಟ್ಟುಕೊಂಡೇ ಫೋಟೋ ಎಂದು ಹೊಸಬರಿಗೆ ಮೊದಲೇ ಹೇಳಿಕೊಡುತ್ತವೆ.

ಮೂರು ಸೆಕೆಂಡಿನ ನೆನಪಿನ ಕತೆಯಂತೂ ಶುದ್ಧ ಸುಳ್ಳು. ನೆದರ್ಲೆಂಡ್ಸ್‌ನಲ್ಲಿ 1970ರಷ್ಟು ಹಿಂದೆಯೇ, ಒಮ್ಮೆ ಗಾಳಕ್ಕೆ ಸಿಕ್ಕ ಕಾರ್ಪ್ ಮೀನುಗಳು ತಿಂಗಳುಗಟ್ಟಲೆ ಗಾಳದಿಂದ ದೂರ ಉಳಿಯುವುದನ್ನು ಕಂಡುಕೊಂಡಿದ್ದರು. ನೋವಿನ ವಿಷಯದಲ್ಲಿ ವಿಜ್ಞಾನಿಗಳ ನಡುವೆ ಚರ್ಚೆ ಇನ್ನೂ ನಡೆದಿದೆ. ಟ್ರೌಟ್ ಮೀನಿನ ಮುಖದಲ್ಲಿ ಗಾಯವನ್ನು ಗುರುತಿಸುವ ನರಗಳಿರುವುದನ್ನು 2003ರಲ್ಲಿ ತೋರಿಸಲಾಯಿತು. ತುಟಿಗೆ ಉರಿಯುವ ಚುಚ್ಚುಮದ್ದು ಕೊಟ್ಟಾಗ ಕೆಲವು ಮೀನುಗಳು ತುಟಿಯನ್ನು ಕಲ್ಲಿಗೆ ಉಜ್ಜಿಕೊಂಡವು. "ನೋವೇ ಆಗುವುದಿಲ್ಲ" ಎಂದು ಖಚಿತವಾಗಿ ಬರೆದು ಕಳಿಸುವವರನ್ನು ನಂಬಬೇಡಿ.

ಪುಸ್ತಕದಲ್ಲಿ ಅಡಗಿದ್ದ ಸತ್ಯ

ಇಲ್ಲಿಗೆ ಲೇಖನ ಮುಗಿಯಬಹುದಿತ್ತು. ಆದರೆ ಕಾವೇರಿಯ ಕತೆಗೆ ಒಂದು ತಿರುವು ಇದೆ.

ಗಾಲಿಬೋರೆ ಶಿಬಿರದಲ್ಲಿ ಹಿಡಿದ ಪ್ರತಿ ಮೀನನ್ನೂ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇತ್ತು: ಯಾವ ಬಗೆ, ಎಷ್ಟು ತೂಕ, ಎಷ್ಟು ಹೊತ್ತು ಗಾಳ ಹಾಕಿದ್ದರು. 1998ರಿಂದ 2012ರವರೆಗಿನ ಈ ಲೆಕ್ಕವನ್ನು ಸಂಶೋಧಕರು ಒಟ್ಟುಗೂಡಿಸಿದರು. 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್ ಸಿಕ್ಕಿದ್ದವು. ವರ್ಷದಿಂದ ವರ್ಷಕ್ಕೆ ಸಂಖ್ಯೆ ಹೆಚ್ಚುತ್ತಿತ್ತು. ನೋಡಿದವರಿಗೆ ಖುಷಿ, ಮೀನು ಉಳಿಯಿತು ಎಂದು.

ಆದರೆ ಸಿಕ್ಕಿದ್ದು ಯಾವ ಮಹಶೀರ್? ನೂರಕ್ಕೆ ತೊಂಬತ್ತೈದರಷ್ಟು ನೀಲಿ ರೆಕ್ಕೆಯವು. ಕಾವೇರಿಗೆ ಲೋಕದಲ್ಲೆಲ್ಲ ಹೆಸರು ತಂದಿದ್ದ ಗೂನು ಬೆನ್ನಿನ ದೈತ್ಯ ಉಳಿದ ಐದರಷ್ಟು ಮಾತ್ರ, ಅದೂ ಇಳಿಯುತ್ತಲೇ ಇತ್ತು. ಸಿಗುತ್ತಿದ್ದ ಕೆಲವೇ ಗೂನು ಬೆನ್ನಿನವು ತೂಕದಲ್ಲಿ ದೊಡ್ಡವು. ಅಂದರೆ ಮುದುಕರು ಉಳಿದಿದ್ದರು, ಮರಿಗಳು ಬರುತ್ತಿರಲಿಲ್ಲ. ಹಿರಿಯರಷ್ಟೇ ಉಳಿದು ಶಾಲೆ ಮುಚ್ಚಿದ ಊರಿನ ಹಾಗೆ.

ನೀಲಿ ರೆಕ್ಕೆಯ ಮೀನು ಕೃಷ್ಣಾ ಕೊಳ್ಳದ್ದು. 1839ರಲ್ಲಿ ಅದನ್ನು ಮೊದಲು ವಿವರಿಸಿದ್ದು ಪುಣೆಯ ಬಳಿಯ ನದಿಯಿಂದ. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದ, ಲೋನಾವಳದ ಮರಿ ಸಾಕಣೆ ಕೇಂದ್ರದ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ತಂದು ಬಿಡಲಾಗಿತ್ತು. ಆಗ ಎಲ್ಲರ ಕಣ್ಣಿಗೂ ಮಹಶೀರ್ ಎಂದರೆ ಮಹಶೀರ್, ಅಷ್ಟೆ. ಹೊಸಬರು ಹಬ್ಬಿದರು, ಊರಿನವರು ಕುಗ್ಗಿದರು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದುಗಳ ಪಾಲೂ ಇದೆ, ಇದೊಂದೇ ಕಾರಣವಲ್ಲ.

ಇನ್ನೂ ವಿಚಿತ್ರವೆಂದರೆ ಗೂನು ಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಬ್ರಿಟಿಷರ ಕಾಲದಿಂದ ಶಿಕಾರಿ ಪುಸ್ತಕಗಳಲ್ಲಿ ಮೆರೆದ ಮೀನಿದು! 2018ರಲ್ಲಷ್ಟೇ ಅದು 'ಟಾರ್ ರೆಮಾದೇವಿ' ಎಂದು ಖಚಿತವಾಯಿತು. ಕೇರಳದ ಪಾಂಬಾರ್ ನದಿಯ ಮೀನಿಗೆ 2007ರಲ್ಲಿ, ಮೀನು ವಿಜ್ಞಾನಿ ಕೆ. ರೆಮಾದೇವಿಯವರ ಗೌರವಕ್ಕೆ ಇಟ್ಟಿದ್ದ ಹೆಸರದು. 2018ರಲ್ಲೇ ಅದು ಅಳಿವಿನ ಅತಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಕ್ಕ ವರ್ಷವೇ ಅಳಿವಿನ ಎಚ್ಚರಿಕೆಯೂ ಸಿಕ್ಕಿತು.

ಗಾಲಿಬೋರೆಯ ಭಾಗ ಕಾವೇರಿ ವನ್ಯಜೀವಿ ಅಭಯಾರಣ್ಯದ ಒಳಗಿದೆ. ವನ್ಯಜೀವಿ ಕಾಯ್ದೆಯಲ್ಲಿ 'ಹಿಡಿಯುವುದು' ಕೂಡ ಬೇಟೆಯ ಲೆಕ್ಕಕ್ಕೇ ಬರುವುದರಿಂದ ಅಲ್ಲಿ ಗಾಳ ನಿಂತಿತು, ಪುಸ್ತಕವೂ 2012ಕ್ಕೆ ನಿಂತಿತು. ಕಾನೂನಿನ ತರ್ಕ ಸರಿಯೇ. ಆದರೆ ಗಾಳ ನಿಂತಾಗ ಅದನ್ನೇ ನಂಬಿದ್ದ ಕಾವಲು ಕೆಲಸಗಳೂ, ನದಿಯ ಲೆಕ್ಕ ಇಡುತ್ತಿದ್ದವರೂ ಇಲ್ಲವಾದರು ಎಂಬ ಸಂರಕ್ಷಕರ ಕೊರಗು ನನಗೆ ಸುಳ್ಳೆನಿಸುವುದಿಲ್ಲ.

ಹಾಗಾದರೆ ನಮ್ಮ ಕೆರೆಗಳಿಗೆ?

ಬೀದರ ಜಿಲ್ಲೆಯ ನೀರು ಎರಡು ಕಡೆ ಹರಿಯುತ್ತದೆ. ಭಾಲ್ಕಿಯ ಕಾರಂಜಾ ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ, ಬಸವಕಲ್ಯಾಣದ ಕಡೆಯ ಮುಲ್ಲಾಮಾರಿ ಕೃಷ್ಣೆಯ ಕಡೆಗೆ. ಒಂದೇ ಜಿಲ್ಲೆಯಾದರೂ ಮೀನಿನ ಲೆಕ್ಕದಲ್ಲಿ ಎರಡು ಬೇರೆ ಊರು. ಆ ಕಡೆಯ ಮೀನನ್ನು ಬಕೆಟ್ಟಿನಲ್ಲಿ ತಂದು ಈ ಕಡೆ ಬಿಟ್ಟರೆ ಕಾವೇರಿಯಲ್ಲಿ ಆದದ್ದೇ ಆಗಬಹುದು. ಮೀನುಗಾರಿಕೆಯನ್ನೂ ಕಲಿಸುವ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರಿನಲ್ಲೇ ಇದೆ. ಮೀನುಗಾರಿಕೆ ಇಲಾಖೆಯ ಕಚೇರಿಯೂ ಇದೆ. ಯಾವ ನೀರಿಗೆ ಯಾವ ಮರಿ ಎಂದು ಕೇಳಿಯೇ ಬಿಡಬಹುದು.

ಇದನ್ನೆಲ್ಲ ಗುಂಪಿಗೆ ಬರೆದು ಹಾಕಿದೆ. ಕಾಕಾ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಔರಾದಿನ ಅಣ್ಣ ಮಾತ್ರ ನನಗೆ ಬೇರೆಯಾಗಿ ಮೆಸೇಜ್ ಮಾಡಿದ. ಅವನ ಮಗನ ಅಕ್ವೇರಿಯಂನಲ್ಲಿ ಗಾಜು ನೆಕ್ಕುವ ಕರಿ ಸಕ್ಕರ್ ಮೀನೊಂದು ಗೇಣುದ್ದ ಬೆಳೆದಿತ್ತು. "ಪಾಪ ಅಂತ ಭಾನುವಾರ ಕೆರಿಗಿ ಬಿಡ್ಬೇಕಂತ ಮಾಡಿದ್ದೆ. ಬಿಡ್ಲೋ ಬ್ಯಾಡೋ?"

ಬೇಡ ಎಂದೆ. ಅದು ದಕ್ಷಿಣ ಅಮೆರಿಕದ ಮೀನು. ದಡದಲ್ಲಿ ಬಿಲ ತೋಡುತ್ತದೆ, ಮುಳ್ಳಿನಂಥ ಚಿಪ್ಪಿನಿಂದ ಬಲೆ ಹರಿಯುತ್ತದೆ. ಆಂಧ್ರ, ತೆಲಂಗಾಣದ ನೀರುಗಳಲ್ಲಿ ಈಗಾಗಲೇ ಹಬ್ಬಿ ಮೀನುಗಾರರಿಗೆ ತಲೆನೋವಾಗಿದೆ. ತಂದ ಅಂಗಡಿಗೇ ವಾಪಸ್ ಕೊಡು ಎಂದು ಹೇಳಿದೆ. ಅಂಗಡಿಯವನು ತೆಗೆದುಕೊಂಡನಂತೆ, ಹಣ ಮಾತ್ರ ಕೊಡಲಿಲ್ಲವಂತೆ.