ದೊಡ್ಡ ಸರಣಿಯ ಮೊದಲ ಪುಸ್ತಕ ಓದುಗರಿಗೆ ಸಿಗುವುದು ಹೇಗೆ?

ಫ್ಯಾಂಟಸಿ ಕಾದಂಬರಿಗಳ ಸರಣಿ ಹಿಡಿದರೆ ಸಾವಿರಾರು ಪುಟಗಳ ಪಯಣ. ರಾಬರ್ಟ್ ಜೋರ್ಡನ್ ಆರಂಭಿಸಿದ ‘ದ ವೀಲ್ ಆಫ್ ಟೈಮ್’ 14 ಸಂಪುಟಗಳಷ್ಟಿದೆ. ಟೆರ್ರಿ ಪ್ರಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ನಲ್ಲಿ 41 ಕಾದಂಬರಿಗಳಿವೆ. ಇಂಥದ್ದನ್ನು ಓದಿ ಮುಗಿಸಿದವರನ್ನು ‘ಇದು ನಿಮಗೆ ಮೊದಲು ಸಿಕ್ಕಿದ್ದು ಹೇಗೆ?’ ಎಂದು ಕೇಳಿ ನೋಡಿ. ಅಣ್ಣನ ಕಪಾಟು, ಶಾಲೆಯ ಲೈಬ್ರರಿ, ಹಳೆ ಪುಸ್ತಕದ ಅಂಗಡಿ, ಟೀವಿ ಧಾರಾವಾಹಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ‘ಅದೃಷ್ಟ’ ಎಂದೂ ಸೇರಿಸುತ್ತಾರೆ.

ಆದರೆ ಆ ಪುಸ್ತಕ ಬಂದ ಜಾಡು ಹಿಡಿದು ಹಿಂದಕ್ಕೆ ಹೋದರೆ ಬೇರೆಯೇ ಸಂಗತಿ ತಿಳಿಯುತ್ತದೆ. ದಾರಿಯ ಪ್ರತಿ ತಿರುವಿನಲ್ಲೂ ಅದನ್ನು ಓದಿ, ಮೆಚ್ಚಿ, ಮುಂದಿನವರಿಗೆ ದಾಟಿಸಿದ ಒಬ್ಬರು ಇದ್ದೇ ಇರುತ್ತಾರೆ. ಬೆಲೆ, ಬಹುಮಾನ, ಸಿನಿಮಾ ಇವೆಲ್ಲ ಆ ದಾರಿಯನ್ನು ಅಗಲ ಮಾಡುತ್ತವೆ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ನಮಗೆ ತಕ್ಕ ಸರಣಿಯನ್ನು ಹುಡುಕಿಕೊಳ್ಳುವುದೂ ಇನ್ನೊಬ್ಬರಿಗೆ ಅದರ ರುಚಿ ಹತ್ತಿಸುವುದೂ ಸುಲಭ.

ಎಲ್ಲರಿಗಿಂತ ಮೊದಲು ಓದಿದ ಮಕ್ಕಳು

1936ರಲ್ಲಿ ಆಕ್ಸ್‌ಫರ್ಡ್ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್ ಅವರ ‘ದ ಹಾಬಿಟ್’ ಹಸ್ತಪ್ರತಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅವರ ಬಳಿ ಬಂತು. ಮಕ್ಕಳ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮಕ್ಕಳೇ ಹೇಳಬೇಕು ಎಂಬುದು ಅನ್ವಿನ್ ನಂಬಿಕೆ. ಹತ್ತು ವರ್ಷದ ಮಗ ರೇನರ್‌ಗೆ ಅದನ್ನು ಓದಲು ಕೊಟ್ಟರು. ಓದಿ ಅಭಿಪ್ರಾಯ ಬರೆದುಕೊಟ್ಟರೆ ಒಂದು ಶಿಲಿಂಗ್ ಸಂಭಾವನೆ. ಹುಡುಗ ಮೆಚ್ಚಿ ಬರೆದ. 1937ರ ಸೆಪ್ಟೆಂಬರ್ 21ರಂದು ಪುಸ್ತಕ ಹೊರಬಂತು. ಮೊದಲು ಅಚ್ಚಾದ 1500 ಪ್ರತಿಗಳು ಡಿಸೆಂಬರ್ ಹೊತ್ತಿಗೆ ಖಾಲಿಯಾದವು. ಹಾಬಿಟ್‌ಗಳ ಕಥೆ ಇನ್ನಷ್ಟು ಬೇಕು ಎಂದು ಪ್ರಕಾಶಕರು ಕೇಳಿದ್ದರಿಂದ ಟೋಲ್ಕಿನ್ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆಯಲು ಕುಳಿತರು.

ಆ ಬೃಹತ್ ಕೃತಿ ಸಿದ್ಧವಾಗುವಷ್ಟರಲ್ಲಿ ರೇನರ್ ದೊಡ್ಡವರಾಗಿ ಅದೇ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದರು. ಇದರಿಂದ ಸಾವಿರ ಪೌಂಡ್ ನಷ್ಟವಾದರೂ ಆಗಬಹುದು, ಆದರೆ ಇದು ಅಸಾಧಾರಣ ಕೃತಿ ಎಂದು ಅವರು ತಂದೆಗೆ ತಿಳಿಸಿದರು. ತಂದೆ ಒಪ್ಪಿದರು. ಯುದ್ಧಾನಂತರ ಕಾಗದ ದುಬಾರಿಯಾಗಿದ್ದ ಕಾಲವದು. ಹಾಗಾಗಿ ಒಂದೇ ಕಾದಂಬರಿಯನ್ನು 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು.

ರೇನರ್ ‘ಹಾಬಿಟ್’ ಓದಿದ ಅರವತ್ತು ವರ್ಷಗಳ ಬಳಿಕ ಹೀಗೆಯೇ ಮತ್ತೊಮ್ಮೆ ನಡೆಯಿತು. ಹಲವು ಪ್ರಕಾಶಕರು ಹಿಂತಿರುಗಿಸಿದ್ದ ಹ್ಯಾರಿ ಪಾಟರ್ ಹಸ್ತಪ್ರತಿಯ ಒಂದು ಭಾಗವನ್ನು ಬ್ಲೂಮ್ಸ್‌ಬರಿ ಸಂಸ್ಥೆಯ ಮುಖ್ಯಸ್ಥ ನೈಜೆಲ್ ನ್ಯೂಟನ್ ಮನೆಗೊಯ್ದು ಎಂಟು ವರ್ಷದ ಮಗಳಿಗೆ ಕೊಟ್ಟರು. ಮುಂದಿನ ಭಾಗ ಬೇಕೇ ಬೇಕು ಎಂದು ಅವಳು ಹಟ ಹಿಡಿದಳು. ಸಂಪಾದಕ ಬ್ಯಾರಿ ಕನಿಂಗ್‌ಹ್ಯಾಂ ಪುಸ್ತಕವನ್ನು ಕೊಂಡರು.

ಲೈಬ್ರರಿಯ ಒಂದು ಪ್ರತಿಯ ಬಲ

‘ಹ್ಯಾರಿ ಪಾಟರ್ ಅಂಡ್ ದ ಫಿಲಾಸಫರ್ಸ್ ಸ್ಟೋನ್’ 1997ರ ಜೂನ್ 26ರಂದು ಪ್ರಕಟವಾಯಿತು. ಗಟ್ಟಿರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಅದರಲ್ಲಿ ಸುಮಾರು 300 ಪ್ರತಿಗಳು ಗ್ರಂಥಾಲಯಗಳಿಗೆ ಹೋದವು ಎಂಬುದು ಪ್ರಸಿದ್ಧ. ಮೊದಲ ನೋಟಕ್ಕೆ ಇದು ಬಡ ಆರಂಭ. ಆದರೆ ಮನೆಯಲ್ಲಿರುವ ಪ್ರತಿಯನ್ನು ಹೆಚ್ಚೆಂದರೆ ಇಬ್ಬರು ಮೂವರು ಓದುತ್ತಾರೆ, ಲೈಬ್ರರಿಯ ಪ್ರತಿ ಪುಟ ಸಡಿಲವಾಗುವವರೆಗೆ ಕೈ ಬದಲಿಸುತ್ತಲೇ ಇರುತ್ತದೆ. ದುಡ್ಡು ಕೊಡಬೇಕಿಲ್ಲದ ಕಾರಣ ಹೆಸರೇ ಕೇಳದ ಲೇಖಕರ ಪುಸ್ತಕವನ್ನೂ ಮಗು ಧೈರ್ಯವಾಗಿ ಎತ್ತಿಕೊಳ್ಳುತ್ತದೆ. ‘ಅದು ನಿನಗೆ ಇಷ್ಟವಾಯಿತೇ? ಹಾಗಾದರೆ ಇದನ್ನೂ ನೋಡು’ ಎನ್ನುವ ಗ್ರಂಥಪಾಲಕರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಅದೇ ವರ್ಷ ಪುಸ್ತಕಕ್ಕೆ ನೆಸ್ಲೆ ಸ್ಮಾರ್ಟೀಸ್ ಬಹುಮಾನದ ಚಿನ್ನದ ಪದಕ ಬಂತು. ಅಂತಿಮ ಪಟ್ಟಿಗೆ ಬಂದ ಪುಸ್ತಕಗಳಿಗೆ ಮತ ಹಾಕುವವರು ಶಾಲಾ ಮಕ್ಕಳೇ ಆಗಿದ್ದದ್ದು ಆ ಬಹುಮಾನದ ವಿಶೇಷ. ಹೀಗೆ ಒಂದು ಮಗುವಿನ ಮೆಚ್ಚುಗೆ ಇನ್ನೊಂದು ಮಗುವಿಗೆ ತಲುಪಿತು. ಅಮೆರಿಕದ ಸ್ಕೊಲ್ಯಾಸ್ಟಿಕ್ ಸಂಸ್ಥೆ 1,05,000 ಡಾಲರ್ ಕೊಟ್ಟು ಆ ದೇಶದ ಹಕ್ಕು ಕೊಂಡಾಗ ಆ ಮೊತ್ತವೇ ಸುದ್ದಿಯಾಯಿತು. 1998ರಲ್ಲಿ ಬ್ಲೂಮ್ಸ್‌ಬರಿ ದೊಡ್ಡವರಿಗಾಗಿಯೇ ಬೇರೆ ಮುಖಪುಟದ ಆವೃತ್ತಿ ತಂದಿತು. ಒಳಗಿನ ಒಂದಕ್ಷರವೂ ಬದಲಾಗಲಿಲ್ಲ. ರೈಲಿನಲ್ಲಿ ಕುಳಿತು ಮಕ್ಕಳ ಪುಸ್ತಕ ಬಿಡಿಸಲು ಮುಜುಗರಪಡುವವರಿಗೆ ಅನುಕೂಲವಾಯಿತು.

ಕಿಸೆಗೆ ಎಟುಕುವ ಬೆಲೆ

‘ಲಾರ್ಡ್ ಆಫ್ ದ ರಿಂಗ್ಸ್’ ಅಮೆರಿಕದ ಕಾಲೇಜುಗಳಲ್ಲಿ ಮನೆಮಾತಾಗಿದ್ದು ಪ್ರಕಟವಾದ ಹತ್ತು ವರ್ಷಗಳ ನಂತರ, ಅದೂ ಒಂದು ಜಗಳದ ಮೂಲಕ. ಅಲ್ಲಿಯವರೆಗೆ ಅಲ್ಲಿ ದುಬಾರಿ ಗಟ್ಟಿರಟ್ಟಿನ ಪ್ರತಿಗಳಷ್ಟೇ ಇದ್ದವು. 1965ರಲ್ಲಿ ಏಸ್ ಬುಕ್ಸ್ ಅಮೆರಿಕದ ಕೃತಿಸ್ವಾಮ್ಯ ಕಾನೂನಿನಲ್ಲಿ ಸಂದು ಕಂಡುಕೊಂಡು, ಲೇಖಕರ ಅನುಮತಿ ಪಡೆಯದೆ 75 ಸೆಂಟಿನ ಪೇಪರ್‌ಬ್ಯಾಕ್ ಮುದ್ರಿಸಿತು. ಟೋಲ್ಕಿನ್ ಪಠ್ಯವನ್ನು ಪರಿಷ್ಕರಿಸಿಕೊಟ್ಟರು. ಬ್ಯಾಲಂಟೈನ್ ಸಂಸ್ಥೆ ಅದೇ ವರ್ಷ ಅದನ್ನು 95 ಸೆಂಟಿಗೆ ಅಧಿಕೃತವಾಗಿ ಹೊರತಂದಿತು. ಬದುಕಿರುವ ಲೇಖಕನ ಬಗ್ಗೆ ಸೌಜನ್ಯ ಇರುವವರು ಇದನ್ನೇ ಕೊಳ್ಳಲಿ ಎಂಬ ಅರ್ಥದ ಟೋಲ್ಕಿನ್ ಹೇಳಿಕೆ ಆ ಪ್ರತಿಗಳ ಹಿಂಬದಿಯಲ್ಲಿತ್ತು. ಅಭಿಮಾನಿಗಳ ಪತ್ರಗಳಿಗೆ ಉತ್ತರಿಸುವಾಗಲೂ ಅವರು ಈ ವಿಷಯ ತಿಳಿಸುತ್ತಿದ್ದರು. ಕೊನೆಗೆ ಏಸ್ ಗೌರವಧನ ಕೊಟ್ಟು ತನ್ನ ಆವೃತ್ತಿಯನ್ನು ಕೈಬಿಟ್ಟಿತು.

ಈ ವಿವಾದ ಪತ್ರಿಕೆಗಳಲ್ಲಿ ಬಂದದ್ದರಿಂದ ಹೆಸರು ಹರಡಿತು ಎಂಬುದು ನಿಜ. ಆದರೆ ಹೆಸರು ಕೇಳಿದ ವಿದ್ಯಾರ್ಥಿ ಅದೇ ದಿನ ಕೊಳ್ಳಬಲ್ಲ ಬೆಲೆಯೂ ಇತ್ತು, ಓದಿ ಹಾಸ್ಟೆಲಿನ ಪಕ್ಕದ ಕೋಣೆಗೆ ಕೊಡಬಲ್ಲ ಗಾತ್ರವೂ ಇತ್ತು. ಕೇಳಿದ ಕೂಡಲೇ ಕೈಗೆ ಸಿಗಬೇಕು. ಕೇಳುವುದಕ್ಕೂ ಸಿಗುವುದಕ್ಕೂ ನಡುವೆ ಅಂತರ ಹೆಚ್ಚಾದಷ್ಟೂ ಕುತೂಹಲ ಆರುತ್ತದೆ.

ಮೊದಲೇ ಒಂದಿಷ್ಟು ರುಚಿ

ಸರಣಿ ಹಿಡಿಯಲು ಓದುಗರು ಹಿಂಜರಿಯುವುದು ಬೆಲೆಗಿಂತ ಹೆಚ್ಚಾಗಿ ಸಮಯದ ಲೆಕ್ಕದಿಂದ. ಏಳುನೂರು ಪುಟ ಓದಿದ ಮೇಲೆ ಹಿಡಿಸದಿದ್ದರೆ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬ ಮಾತನ್ನು ಪ್ರಕಾಶಕರೂ ಬಲ್ಲರು. 1990ರಲ್ಲಿ ‘ವೀಲ್ ಆಫ್ ಟೈಮ್’ನ ಮೊದಲ ಕಾದಂಬರಿ ‘ದಿ ಐ ಆಫ್ ದ ವರ್ಲ್ಡ್’ ಬಂದಾಗ ಟಾರ್ ಸಂಸ್ಥೆ ಅದರ ಆರಂಭದ ಭಾಗವನ್ನು ಪ್ರತ್ಯೇಕವಾಗಿ ಅಚ್ಚುಹಾಕಿಸಿ ಉಚಿತವಾಗಿ ಹಂಚಿತು. ಜಾರ್ಜ್ ಆರ್.ಆರ್. ಮಾರ್ಟಿನ್ ತಮ್ಮ ‘ಎ ಗೇಮ್ ಆಫ್ ಥ್ರೋನ್ಸ್’ನಲ್ಲಿ ಡೆನೇರಿಸ್ ಪಾತ್ರದ ಅಧ್ಯಾಯಗಳನ್ನು ಒಂದು ನೀಳ್ಗತೆಯಾಗಿ ಜೋಡಿಸಿ 1996ರಲ್ಲಿ ಅಸಿಮೋವ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾದಂಬರಿಯೂ ಅದೇ ವರ್ಷ ಬಂತು. ಆ ನೀಳ್ಗತೆಗೆ ಮರುವರ್ಷ ಹ್ಯೂಗೊ ಪ್ರಶಸ್ತಿ ದೊರೆಯಿತು. ಪ್ರಾಚೆಟ್ ಅವರ ‘ದ ಕಲರ್ ಆಫ್ ಮ್ಯಾಜಿಕ್’ 1983ರಲ್ಲಿ ಬಂದಾಗ ಅವರ ಹೆಸರು ಬಲ್ಲವರು ಕಡಿಮೆ. ಬಿಬಿಸಿ ರೇಡಿಯೊದ ಮಹಿಳಾ ಕಾರ್ಯಕ್ರಮದಲ್ಲಿ ಅದನ್ನು ಕಂತುಗಳಲ್ಲಿ ಓದಿದ್ದರಿಂದ, ಫ್ಯಾಂಟಸಿ ಕಡೆ ತಲೆಹಾಕದ ಕೇಳುಗರಿಗೂ ಅದರ ನಗು ತಲುಪಿತು.

ಕೊಟ್ಟ ಪುಸ್ತಕ ಎಲ್ಲಿಗೋ ಮುಟ್ಟುತ್ತದೆ

ಇವೆಲ್ಲಕ್ಕಿಂತ ಗಟ್ಟಿಯಾದ ದಾರಿ ಒಬ್ಬರು ಇನ್ನೊಬ್ಬರನ್ನು ನೋಡಿ, ಅರಿತು, ಪುಸ್ತಕ ಆರಿಸಿ ಕೊಡುವುದು. ಇದಕ್ಕೆ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರೇ ಹೇಳಿಕೊಂಡಿರುವ ಅನುಭವಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ಬೆಳೆದ ಈ ಹುಡುಗನಿಗೆ ಓದೆಂದರೆ ಅಷ್ಟಕ್ಕಷ್ಟೆ. ಎಂಟನೇ ತರಗತಿಯಲ್ಲಿ ಒಬ್ಬ ಶಿಕ್ಷಕಿ ಅವನಿಗೆ ಬಾರ್ಬರಾ ಹ್ಯಾಂಬ್ಲಿ ಅವರ ‘ಡ್ರ್ಯಾಗನ್ಸ್‌ಬೇನ್’ ಓದಿಸಿದರು. ಅದರ ನಾಯಕಿ ನಡುವಯಸ್ಸಿನ ಮಾಟಗಾತಿ; ಸಂಸಾರಕ್ಕೂ ತನ್ನ ವಿದ್ಯೆಗೂ ನಡುವೆ ಸಿಕ್ಕಿಕೊಂಡವಳು. ಹುಡುಗನಿಗೆ ಅವಳಲ್ಲಿ, ಮಕ್ಕಳಿಗಾಗಿ ವೃತ್ತಿಯ ಅವಕಾಶ ಬದಿಗಿಟ್ಟಿದ್ದ ತನ್ನ ತಾಯಿ ಕಂಡರು. ಡ್ರ್ಯಾಗನ್ ಕಥೆ ಓದುತ್ತ ಓದುತ್ತ ಅಮ್ಮ ಅರ್ಥವಾದರು.

ಅಲ್ಲಿಂದ ಅವನು ಫ್ಯಾಂಟಸಿಯನ್ನು ಹುಡುಕಿಕೊಂಡು ಹೊರಟ. ‘ದಿ ಐ ಆಫ್ ದ ವರ್ಲ್ಡ್’ ಅಂಗಡಿಯಲ್ಲಿ ಕಣ್ಣಿಗೆ ಬಿತ್ತು, ಜೋರ್ಡನ್ ಅಭಿಮಾನಿಯಾದ. 2007ರಲ್ಲಿ ಸರಣಿ ಮುಗಿಸುವ ಮೊದಲೇ ಜೋರ್ಡನ್ ತೀರಿಕೊಂಡರು. ಆ ಹೊತ್ತಿಗೆ ತಾನೂ ಕಾದಂಬರಿಕಾರನಾಗಿದ್ದ ಸ್ಯಾಂಡರ್ಸನ್ ಬರೆದ ಶ್ರದ್ಧಾಂಜಲಿಯನ್ನು ಜೋರ್ಡನ್ ಅವರ ಪತ್ನಿ, ಸಂಪಾದಕಿ ಹ್ಯಾರಿಯೆಟ್ ಮ್ಯಾಕ್‌ಡೂಗಲ್ ಓದಿದರು, ಉಳಿದ ಕಥೆ ಬರೆಯುವ ಹೊಣೆಯನ್ನು ಅವರಿಗೇ ವಹಿಸಿದರು. ಕೊನೆಯ ಮೂರು ಸಂಪುಟಗಳು 2009, 2010 ಮತ್ತು 2013ರಲ್ಲಿ ಬಂದವು. ಶಾಲೆಯ ಕೋಣೆಯಲ್ಲಿ ಪುಸ್ತಕ ಕೊಟ್ಟ ಆ ಶಿಕ್ಷಕಿಯ ಪಾಲೂ ಅವುಗಳಲ್ಲಿದೆ.

ಪರದೆಯಿಂದ ಪುಟಕ್ಕೆ

ಇಂದು ಬಹಳ ಮಂದಿ ಬರುವುದು ತೆರೆಯ ಮೂಲಕ. ಪೋಲೆಂಡಿನ ಆಂದ್ರೆಯ್ ಸಪ್‌ಕೋವ್‌ಸ್ಕಿ ಅವರ ‘ವಿಚರ್’ 1986ರಲ್ಲಿ ಒಂದು ಪತ್ರಿಕೆಯ ಸ್ಪರ್ಧೆಗೆ ಬರೆದ ಸಣ್ಣ ಕಥೆಯಾಗಿ ಹುಟ್ಟಿತು. ಅದರ ಕಥಾಸಂಕಲನ ‘ದ ಲಾಸ್ಟ್ ವಿಶ್’ ಇಂಗ್ಲಿಷಿಗೆ ಬಂದದ್ದೂ ಅದೇ ಜಗತ್ತಿನ ಕಂಪ್ಯೂಟರ್ ಆಟ ಹೊರಬಂದದ್ದೂ 2007ರಲ್ಲಿ. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂದ ಮೇಲೆ ಆ ಪುಸ್ತಕಗಳು ಅಮೆರಿಕದಲ್ಲಿ ಬಹುಮಾರಾಟದ ಪಟ್ಟಿ ಏರಿದವು.

ಪರದೆಯ ಮೂಲಕ ಬಂದವರಿಗೆ ಜಾಗಗಳ, ಪಾತ್ರಗಳ ಹೆಸರು ಆಗಲೇ ಪರಿಚಿತ. ಅದು ಅನುಕೂಲ. ಆದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ತೊಡಕಾಗುತ್ತದೆ. ‘ವಿಚರ್’ ಆಟಗಳ ಕಥೆ ನಡೆಯುವುದು ಕಾದಂಬರಿಗಳ ಘಟನೆಗಳ ನಂತರ. ಕಾದಂಬರಿಗಳಲ್ಲಿ ಮೊದಲನೆಯದಾದ ‘ಬ್ಲಡ್ ಆಫ್ ಎಲ್ವ್ಸ್’ ಅದಕ್ಕೂ ಹಿಂದಿನ ಕಥಾಸಂಕಲನಗಳನ್ನು ಓದಿದವರಿಗಾಗಿ ಬರೆದದ್ದು. ಹಾಗಾಗಿ ‘ದ ಲಾಸ್ಟ್ ವಿಶ್’ ಮೊದಲು ಹಿಡಿಯಬೇಕು.

ಯಾವುದನ್ನು ಮೊದಲು ಓದಬೇಕು?

ಸಿ.ಎಸ್. ಲೂಯಿಸ್ ಅವರ ನಾರ್ನಿಯ ಸರಣಿ 1950ರಲ್ಲಿ ‘ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’ನಿಂದ ಆರಂಭವಾಯಿತು. 1955ರಲ್ಲಿ ಆರನೆಯದಾಗಿ ಬಂದ ‘ದ ಮೆಜಿಶಿಯನ್ಸ್ ನೆಫ್ಯೂ’ ಆ ಜಗತ್ತು ಹುಟ್ಟಿದ ಕಥೆ ಹೇಳುತ್ತದೆ. 1994ರಿಂದ ಪ್ರಕಾಶಕರು ಕಥೆಯ ಕಾಲಕ್ರಮ ಹಿಡಿದು ಇದಕ್ಕೆ 1 ಎಂಬ ಸಂಖ್ಯೆ ಕೊಟ್ಟಿದ್ದಾರೆ. ಆದರೂ ಹಳೆಯ ಕ್ರಮದಲ್ಲೇ ಓದುವುದು ಮೇಲು ಎನ್ನುವೆ. ಬೀರುವಿನ ಕೋಟುಗಳ ನಡುವೆ ನುಸುಳಿ ಹೋದ ಹುಡುಗಿಗೆ ಹಿಮದ ಕಾಡಿನಲ್ಲಿ ದೀಪದ ಕಂಬ ಎದುರಾದಾಗ, ಅದು ಅಲ್ಲಿಗೆ ಹೇಗೆ ಬಂತೆಂದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿರಬಾರದು. ಪ್ರಶ್ನೆ ಹುಟ್ಟುವ ಮುಂಚೆಯೇ ಉತ್ತರ ಸಿಕ್ಕರೆ ಬೆರಗಿಗೆ ಎಡೆಯಿರುವುದಿಲ್ಲ.

ಅನುಮಾನವಿದ್ದಾಗ ಪ್ರಕಟವಾದ ಕ್ರಮವೇ ಸರಿ. ಜೋರ್ಡನ್ ಅವರ ಪೂರ್ವಕಥೆ ‘ನ್ಯೂ ಸ್ಪ್ರಿಂಗ್’ ಹಿಡಿದು ‘ವೀಲ್ ಆಫ್ ಟೈಮ್’ ಶುರು ಮಾಡಬೇಡಿ. ‘ಡಿಸ್ಕ್‌ವರ್ಲ್ಡ್’ ಇದಕ್ಕೆ ಹೊರತು. ಅಲ್ಲಿ ಹೆಚ್ಚಿನ ಕಾದಂಬರಿಗಳು ತಮ್ಮಷ್ಟಕ್ಕೆ ಪೂರ್ಣ. ಪ್ರಾಚೆಟ್ ಇನ್ನಷ್ಟು ಪಳಗಿದ ಮೇಲೆ ಬರೆದ ‘ಮೋರ್ಟ್’ ಅಥವಾ ‘ಗಾರ್ಡ್ಸ್! ಗಾರ್ಡ್ಸ್!’ ಒಳ್ಳೆಯ ಆರಂಭ.

ನಾವು ಮಾಡಬಹುದಾದದ್ದು

ತಿಂಗಳಿಗೊಮ್ಮೆ ‘ಚಂದಮಾಮ’ದ ಧಾರಾವಾಹಿಗೆ ಕಾದ ಕನ್ನಡದ ಓದುಗರಿಗೆ ಅದ್ಭುತ ಕಥೆಯ ಮುಂದಿನ ಕಂತಿಗಾಗಿ ಹಂಬಲಿಸುವುದು ಹೊಸದಲ್ಲ. ಈ ಇಂಗ್ಲಿಷ್ ಸರಣಿಗಳು ನಮ್ಮಲ್ಲಿ ಹಲವರಿಗೆ ಸಿಗುವುದು ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಂಥ ಕಡೆ, ಹಳೆ ಪುಸ್ತಕದ ಅಂಗಡಿಗಳಲ್ಲಿ. ಅಲ್ಲಿ ಮೂರನೇ ಸಂಪುಟ ಮೊದಲು ಕಣ್ಣಿಗೆ ಬೀಳುವುದೇ ಹೆಚ್ಚು. ಕೊಳ್ಳುವ ಮುನ್ನ ಒಳಗಿನ ಮೊದಲ ಕೆಲವು ಪುಟ ತಿರುವಿ. ಸರಣಿಯ ಪುಸ್ತಕಗಳ ಪಟ್ಟಿ ಸಾಮಾನ್ಯವಾಗಿ ಅಲ್ಲಿರುತ್ತದೆ. ಅಲ್ಲೇ ನಿಂತು ಮೊದಲ ಅಧ್ಯಾಯ ಓದಿ. ಊರಿನ ಗ್ರಂಥಾಲಯದಲ್ಲಿ ಇಲ್ಲವೆಂದರೆ ತರಿಸುವಂತೆ ಬರೆದುಕೊಡಿ.

ಇನ್ನೊಬ್ಬರಿಗೆ ಕೊಡುವಾಗ ಇಡೀ ಸೆಟ್ ಕೊಟ್ಟು ಹೆದರಿಸಬೇಡಿ, ಒಂದನ್ನೇ ಕೊಡಿ. ಅವರಿಗೆ ಏನು ಇಷ್ಟ ಎಂದು ಮೊದಲು ಕೇಳಿ: ಯುದ್ಧವೋ, ನಗುವೋ, ಸ್ನೇಹವೋ, ಒಗಟೋ? ಕಥೆ ಹೇಳಿಬಿಡಬೇಡಿ. ಆರಂಭ ನಿಧಾನವಾಗಿದ್ದರೆ ‘ನೂರು ಪುಟ ತಾಳ್ಮೆಯಿರಲಿ’ ಎಂದು ಮುಂಚೆಯೇ ತಿಳಿಸಿ. ಇಂಗ್ಲಿಷ್ ಇನ್ನೂ ಕಷ್ಟವೆನಿಸುವ ಮಕ್ಕಳಿಗೆ ಮೊದಲ ಅಧ್ಯಾಯವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ರೋಚಕವಾದ ಕಡೆ ನಿಲ್ಲಿಸಿ, ಪುಸ್ತಕ ಕೈಗಿಡಿ. ಹಿಡಿಸಲಿಲ್ಲ ಎಂದರೆ ಬೇಸರಪಡದೆ ಬೇರೆಯದನ್ನು ಹುಡುಕಿ. ಸರಿಯಾದ ಪುಸ್ತಕಕ್ಕೆ ಸರಿಯಾದ ವಯಸ್ಸೂ ಇರುತ್ತದೆ.

ಹಿಡಿಸಿತು ಎಂದರೆ ತಡಮಾಡಬೇಡಿ. ಮೊದಲ ಸಂಪುಟ ಮುಗಿದ ರಾತ್ರಿಯೇ ಓದುಗರು ಸರಣಿಯವರಾಗುವುದು. ಆದ್ದರಿಂದ ಒಂದನೇ ಸಂಪುಟ ಕೊಡುವ ದಿನವೇ ಎರಡನೆಯದನ್ನೂ ಹೊಂದಿಸಿಟ್ಟುಕೊಳ್ಳಿ.